ಹಾಲಿನ ಹಸುಗಳ ತಳಿ ಸುಧಾರಣೆಗೆ ಜೀನೋಮ್ ಪರೀಕ್ಷೆ: ಕೂದಲು ಕೀಳುವ ಮೊದಲು, ವರದಿ ಬಂದ ಮೇಲೆ

ಜೀನೋಮ್ ಪರೀಕ್ಷೆ ಎಂದರೆ ಕರುವಿನ ಡಿಎನ್‌ಎ ಓದಿ ಅದರ ತಳಿ ಗುಣವನ್ನು ಅಂದಾಜು ಮಾಡುವುದು. ಅದಕ್ಕಾಗಿ ಪ್ರಯೋಗಾಲಯಕ್ಕೆ ಬಾಲದ ಕೂದಲಿನಂಥ ಮಾದರಿ ಕಳುಹಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು ಈ ಪ್ರಶ್ನೆಗೆ ಉತ್ತರ ಬರೆಯಿರಿ: ವರದಿ ಬಂದ ಮೇಲೆ ನಾನು ಏನನ್ನು ಬದಲಾಯಿಸುತ್ತೇನೆ? ಯಾವ ಕರುವನ್ನು ಉಳಿಸಿಕೊಳ್ಳುತ್ತೇನೆ, ಯಾವುದನ್ನು ಮಾರುತ್ತೇನೆ, ಯಾವ ಕಡಸಿಗೆ ಯಾವ ಹೋರಿಯ ವೀರ್ಯ ಹಾಕಿಸುತ್ತೇನೆ? ಉತ್ತರ ಹೊಳೆಯದಿದ್ದರೆ ಈ ವರ್ಷ ಪರೀಕ್ಷೆ ಬೇಡ. ವರದಿಯನ್ನು ಕಪಾಟಿನಲ್ಲಿಟ್ಟ ಮಾತ್ರಕ್ಕೆ ಯಾವ ಹಸುವೂ ಒಂದು ಲೋಟ ಹಾಲನ್ನು ಹೆಚ್ಚು ಕೊಡುವುದಿಲ್ಲ. ಹಿಂಡುಗಳ ದಾಖಲೆ ನೋಡುತ್ತ ಬಂದ ಇಷ್ಟು ವರ್ಷಗಳಲ್ಲಿ ನನಗೆ ಹೆಚ್ಚು ಬೇಸರ ತಂದಿರುವುದು ಕೆಟ್ಟ ತಳಿಯಲ್ಲ. ಒಳ್ಳೆಯ ಮಾಹಿತಿ ಕೈಯಲ್ಲಿದ್ದೂ ಎಲ್ಲ ಕಡಸುಗಳಿಗೂ ಕೈಗೆ ಸಿಕ್ಕಿದ ಅದೇ ವೀರ್ಯ ನಳಿಕೆಯನ್ನು ಹಾಕಿಸಿರುವುದು.

ಈ ಲೇಖನ ಹಿಂಡಿನ ದಾಖಲೆಯಿಂದ ಶುರುವಾಗಿ, ಮಾದರಿ ತೆಗೆಯುವುದು, ವರದಿ ಓದುವುದು, ಹೋರಿ ಆರಿಸುವುದು, ಕೊನೆಗೆ ಲೆಕ್ಕ ತಾಳೆ ನೋಡುವುದು ಎಂಬ ಕ್ರಮದಲ್ಲಿ ಸಾಗುತ್ತದೆ. ಕೆಲವು ಕಡೆ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಜನ ಎಡವುವುದು ಅಲ್ಲೇ.

ಅಂಕಿ ಎಲ್ಲಿಂದ ಬರುತ್ತದೆ

ಹಸುವಿನ ಜೀವಕೋಶದಲ್ಲಿ 30 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯಲ್ಲಿ ಅರ್ಧ ಸತ್ಯವಿದೆ. ಮಗಳಿಗೆ ತಾಯಿಯಿಂದ ಬರುವುದು ಅರ್ಧ ಪಾಲು ಮಾತ್ರ, ಮತ್ತು ಯಾವ ಅರ್ಧ ಎಂಬುದು ಪ್ರತಿ ಕರುವಿಗೂ ಬೇರೆ. ಒಂದೇ ಹಸು, ಒಂದೇ ಹೋರಿಗೆ ಹುಟ್ಟಿದ ಎರಡು ಕಡಸುಗಳನ್ನು ನೋಡಿ. ವಂಶಾವಳಿಯ ಲೆಕ್ಕದಲ್ಲಿ ಎರಡಕ್ಕೂ ಸಿಗುವ ಅಂಕಿ ಒಂದೇ: ತಂದೆತಾಯಿಗಳ ಸರಾಸರಿ. ನಿಜದಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಮೇಲಿರಬಹುದು. ಒಂದು ತಳಿಯಲ್ಲಿ ಕಾಣುವ ಒಟ್ಟು ಆನುವಂಶಿಕ ವ್ಯತ್ಯಾಸದ ಸುಮಾರು ಅರ್ಧ ಭಾಗ ಒಡಹುಟ್ಟುಗಳ ನಡುವೆಯೇ ಇರುತ್ತದೆ. ಹಿಂದೆ ಈ ಅರ್ಧ ಭಾಗವನ್ನು ತಿಳಿಯಬೇಕಾದರೆ ಕಡಸು ಬೆಳೆದು ಕರು ಹಾಕಿ ಹಾಲು ಕೊಡುವವರೆಗೆ ಕಾಯಬೇಕಿತ್ತು. ಹೋರಿಯಾದರೆ ಅದರ ಹೆಣ್ಣುಮಕ್ಕಳು ಹಾಲು ಕೊಡುವವರೆಗೆ, ಅಂದರೆ ಹೋರಿಗೆ ಸುಮಾರು ಐದು ವರ್ಷ ತುಂಬುವವರೆಗೆ.

ಜೀನೋಮ್ ಪರೀಕ್ಷೆ ಈ ಕಾಯುವಿಕೆಯನ್ನು ಕಡಿಮೆ ಮಾಡುತ್ತದೆ. ಹಸುವಿನ ಡಿಎನ್‌ಎಯಲ್ಲಿ ಸುಮಾರು 270 ಕೋಟಿ ಅಕ್ಷರಗಳಿವೆ. ಕೆಲವು ಜಾಗಗಳಲ್ಲಿ ಒಂದು ಹಸುವಿಗೆ ಒಂದು ಅಕ್ಷರ, ಇನ್ನೊಂದಕ್ಕೆ ಬೇರೆ ಅಕ್ಷರ ಇರುತ್ತದೆ. ಇಂಥ ಒಂದಕ್ಷರದ ವ್ಯತ್ಯಾಸಗಳನ್ನು ಸ್ನಿಪ್ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಇವನ್ನು ಓದುವ ಸಣ್ಣ ಫಲಕವೇ ಚಿಪ್. ಹೆಚ್ಚು ಬಳಕೆಯಲ್ಲಿರುವ ಚಿಪ್ ಇಂಥ ಸುಮಾರು 50,000 ಜಾಗಗಳನ್ನು ಒಂದೇ ಸಲಕ್ಕೆ ಓದುತ್ತದೆ. ಈ ಅಕ್ಷರಗಳಲ್ಲಿ ಹೆಚ್ಚಿನವು ತಾವೇ ಹಾಲು ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಕೆಲಸ ಮಾಡುವ ವಂಶವಾಹಿಯ ಅಕ್ಕಪಕ್ಕದಲ್ಲಿದ್ದು, ಅದರ ಜೊತೆಗೇ ತಲೆಮಾರಿನಿಂದ ತಲೆಮಾರಿಗೆ ದಾಟಿ ಬರುತ್ತವೆ. ಹೊಲದ ಗಡಿಕಲ್ಲುಗಳ ಹಾಗೆ: ಕಲ್ಲು ಬೆಳೆ ಕೊಡುವುದಿಲ್ಲ, ಹೊಲ ಯಾವುದೆಂದು ತೋರಿಸುತ್ತದೆ.

ಯಾವ ಗಡಿಕಲ್ಲಿನ ಪಕ್ಕ ಒಳ್ಳೆಯ ಹೊಲವಿದೆ ಎಂದು ತಿಳಿಯಲು ಬೇಕಾದದ್ದು ಆಧಾರ ಹಿಂಡು, ಅಂದರೆ ಚಿಪ್ ಪರೀಕ್ಷೆಯೂ ಆಗಿರುವ, ಹಾಲು, ಗರ್ಭಧಾರಣೆ, ಆರೋಗ್ಯದ ದಾಖಲೆಯೂ ಇರುವ ಸಾವಿರಾರು ಪ್ರಾಣಿಗಳು. ಅವುಗಳಿಂದ ಪ್ರತಿ ಸ್ನಿಪ್‌ನ ಸಣ್ಣ ಸಣ್ಣ ಪರಿಣಾಮವನ್ನು ಅಂದಾಜು ಮಾಡಿ, ನಿಮ್ಮ ಕರುವಿನಲ್ಲಿರುವ ಅಕ್ಷರಗಳಿಗೆ ತಕ್ಕಂತೆ ಕೂಡಿದರೆ ಬರುವುದೇ ಜೀನೋಮ್ ಆಧಾರಿತ ತಳಿ ಮೌಲ್ಯ. ಈ ವಿಧಾನವನ್ನು ಮ್ಯೂವಿಸನ್, ಹೇಯ್ಸ್, ಗೊಡಾರ್ಡ್ ಎಂಬ ಮೂವರು 2001ರಲ್ಲಿ ಕಾಗದದ ಮೇಲೆ ತೋರಿಸಿದರು. ಆಗ ಅಷ್ಟು ಸ್ನಿಪ್‌ಗಳನ್ನು ಅಗ್ಗವಾಗಿ ಓದುವ ಚಿಪ್ ಇರಲಿಲ್ಲ. ಚಿಪ್ ಬಂದ ಮೇಲೆ ಕೆಲಸ ಬೇಗ ನಡೆಯಿತು. 2009ರ ಜನವರಿಯಲ್ಲಿ ಅಮೆರಿಕ ಹೋಲ್‌ಸ್ಟೀನ್ ಮತ್ತು ಜೆರ್ಸಿ ತಳಿಗಳಿಗೆ ಅಧಿಕೃತ ಜೀನೋಮ್ ಮೌಲ್ಯಮಾಪನವನ್ನು ಪ್ರಕಟಿಸಿತು.

ಇದರಿಂದ ಸಿಕ್ಕ ಲಾಭ ಮುಖ್ಯವಾಗಿ ಸಮಯದ್ದು. ಹೋರಿಗಳ ತಂದೆಯಾಗಲು ಆಯ್ಕೆಯಾಗುವ ಹೋರಿಗಳ ತಲೆಮಾರಿನ ಅಂತರ, ಅಂದರೆ ಮಗ ಹುಟ್ಟುವಾಗ ತಂದೆಗಿರುವ ವಯಸ್ಸು, ಅಮೆರಿಕದ ಹೋಲ್‌ಸ್ಟೀನ್‌ನಲ್ಲಿ ಸುಮಾರು 7 ವರ್ಷದಿಂದ 2.5 ವರ್ಷಕ್ಕಿಂತ ಕೆಳಗಿಳಿಯಿತು. ಒಂದೊಂದು ಅಂದಾಜು ಮೊದಲಿಗಿಂತ ಸ್ವಲ್ಪ ಸಡಿಲವಾದರೂ ತಲೆಮಾರುಗಳು ಬೇಗ ಉರುಳುವುದರಿಂದ ವರ್ಷಕ್ಕೆ ಆಗುವ ಪ್ರಗತಿ ಹೆಚ್ಚು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳುತ್ತೇನೆ. ಹೋಲ್‌ಸ್ಟೀನ್ ಆಧಾರ ಹಿಂಡಿನಿಂದ ಮಾಡಿದ ಲೆಕ್ಕ ಜೆರ್ಸಿಗೆ ನಡೆಯುವುದಿಲ್ಲ. ಡುಬ್ಬವಿರುವ ತಳಿಗಳಿಗಂತೂ ಇನ್ನೂ ಇಲ್ಲ. ಡುಬ್ಬವಿರುವ ಮತ್ತು ಇಲ್ಲದ ದನಗಳ ವಂಶಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಕವಲೊಡೆದಿವೆ. ಒಂದರಲ್ಲಿ ಒಳ್ಳೆಯ ಹೊಲದ ಪಕ್ಕದಲ್ಲಿರುವ ಗಡಿಕಲ್ಲು ಇನ್ನೊಂದರಲ್ಲಿ ಬರಡು ನೆಲದ ಪಕ್ಕದಲ್ಲಿರಬಹುದು. ಆದ್ದರಿಂದ ಪರೀಕ್ಷೆ ಮಾಡುವವರನ್ನು ಮೊದಲು ಕೇಳಬೇಕಾದದ್ದು, ನನ್ನ ತಳಿಗೆ ಅಥವಾ ನನ್ನ ಮಿಶ್ರತಳಿಗೆ ಹೊಂದುವ ಆಧಾರ ಹಿಂಡು ನಿಮ್ಮಲ್ಲಿ ಇದೆಯೇ, ಅದರಲ್ಲಿ ಎಷ್ಟು ಪ್ರಾಣಿಗಳಿವೆ ಎಂದು. ಸ್ಪಷ್ಟ ಉತ್ತರ ಬರದಿದ್ದರೆ ವಂಶಾವಳಿ ದೃಢೀಕರಣ ಮತ್ತು ದೋಷ ವಂಶವಾಹಿಗಳ ಪತ್ತೆಗೆ ಮಾತ್ರ ಆ ಪರೀಕ್ಷೆಯನ್ನು ಬಳಸಿ. ಹಾಲಿನ ಅಂಕಿಯನ್ನು ನಂಬಿ ಕರು ಮಾರಬೇಡಿ.

ಮೊದಲ ಹೆಜ್ಜೆ: ಕಿವಿಯೋಲೆ ಮತ್ತು ದಾಖಲೆ

ಪ್ರತಿ ಕರುವಿಗೂ ಹುಟ್ಟಿದ ದಿನವೇ ಕಿವಿಯೋಲೆ ಹಾಕಿ. ಅದೇ ದಿನ ತಾಯಿಯ ಸಂಖ್ಯೆ, ವೀರ್ಯ ನಳಿಕೆಯ ಮೇಲಿದ್ದ ಹೋರಿಯ ಸಂಖ್ಯೆ, ಹುಟ್ಟಿದ ದಿನಾಂಕ, ಹೆರಿಗೆ ಸಲೀಸಾಯಿತೇ ಇಲ್ಲವೇ ಎಂಬುದನ್ನು ಬರೆಯಿರಿ. ನಾಳೆ ಬರೆದರಾಯಿತು ಎಂದುಕೊಂಡ ದಿನವೇ ಇನ್ನೊಂದು ಹಸು ಕರು ಹಾಕಿರುತ್ತದೆ, ಎರಡೂ ಕರುಗಳು ಒಂದೇ ಗೂಡಿನಲ್ಲಿರುತ್ತವೆ. ಹಿಂಡುಗಳಲ್ಲಿ ತಂದೆಯ ಹೆಸರು ತಪ್ಪಾಗಿ ದಾಖಲಾಗುವುದು ಅಪರೂಪವಲ್ಲ. ಬೆದೆಗೆ ಬಂದ ಹಸುವಿಗೆ ಮೂರು ವಾರದ ಅಂತರದಲ್ಲಿ ಎರಡು ಬೇರೆ ಹೋರಿಗಳ ವೀರ್ಯ ಹಾಕಿಸಿ, ಗಬ್ಬ ನಿಂತದ್ದು ಮೊದಲನೆಯದಕ್ಕೋ ಎರಡನೆಯದಕ್ಕೋ ಎಂದು ಗೊಂದಲವಾಗುವುದೂ ಇದೆ. ಗರ್ಭದ ಅವಧಿ ಸುಮಾರು 280 ದಿನ ಎಂಬುದನ್ನು ಇಟ್ಟುಕೊಂಡು ಹಿಂದಕ್ಕೆ ಎಣಿಸಿದರೆ ಬಹುಪಾಲು ಗೊಂದಲ ಬಗೆಹರಿಯುತ್ತದೆ. ಉಳಿದದ್ದನ್ನು ಚಿಪ್ ಬಗೆಹರಿಸುತ್ತದೆ.

ಹಾಲಿನ ತೂಕ, ಜಿಡ್ಡು, ಪ್ರೋಟೀನ್, ಹಾಲಿನಲ್ಲಿರುವ ದೇಹಕೋಶಗಳ ಸಂಖ್ಯೆ (ಕೆಚ್ಚಲು ಬಾವಿನ ಸುಳಿವು), ವೀರ್ಯ ಹಾಕಿಸಿದ ದಿನಾಂಕ, ಗಬ್ಬದ ಪರೀಕ್ಷೆಯ ಫಲಿತಾಂಶ, ಕೆಚ್ಚಲು ಬಾವು, ಕಾಲಿನ ತೊಂದರೆ, ಹಿಂಡಿನಿಂದ ಹೊರಹೋದ ಕಾರಣ ಇವನ್ನು ಬರೆಯುತ್ತ ಹೋಗಿ. ಚಿಪ್ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಚಿಪ್‌ನ ಲೆಕ್ಕ ನಿಂತಿರುವುದೇ ಇಂಥ ದಾಖಲೆಗಳ ಮೇಲೆ. ತಲೆಮಾರುಗಳು ಕಳೆದಂತೆ ಸ್ನಿಪ್‌ಗೂ ಕೆಲಸ ಮಾಡುವ ವಂಶವಾಹಿಗೂ ಇರುವ ನಂಟು ಸಡಿಲವಾಗುತ್ತದೆ. ಹೊಸ ಹಸುಗಳ ಹೊಸ ದಾಖಲೆ ಸೇರುತ್ತಲೇ ಇರದಿದ್ದರೆ ಅಂದಾಜು ವರ್ಷದಿಂದ ವರ್ಷಕ್ಕೆ ಹಳಸುತ್ತದೆ. ಎಲ್ಲರೂ ಬರೆಯುವುದನ್ನು ನಿಲ್ಲಿಸಿದರೆ ಯಾರಿಗೂ ಅಂಕಿ ಸಿಗುವುದಿಲ್ಲ.

ಎರಡನೆಯ ಹೆಜ್ಜೆ: ಯಾವ ಹಸು ಬೇಕು ಎಂದು ತೀರ್ಮಾನಿಸುವುದು

ಹೆಚ್ಚು ಹಾಲು ಬೇಕು ಎಂಬುದು ಗುರಿಯಲ್ಲ, ಆಸೆ. ಗುರಿಯಾಗಬೇಕಾದರೆ ಅದರ ಪಕ್ಕದಲ್ಲಿ ಯಾವುದಕ್ಕಾಗಿ ಎಷ್ಟನ್ನು ಬಿಟ್ಟುಕೊಡುತ್ತೀರಿ ಎಂಬುದೂ ಇರಬೇಕು. ಹೋಲ್‌ಸ್ಟೀನ್ ತಳಿಯಲ್ಲಿ ದಶಕಗಳ ಕಾಲ ಹಾಲಿನ ಮೇಲೆಯೇ ಒತ್ತು ಬಿದ್ದಾಗ ಹಸುಗಳು ಗಬ್ಬ ನಿಲ್ಲುವುದು ಕಡಿಮೆಯಾಗುತ್ತ ಹೋಯಿತು. ಹಾಲಿಗೂ ಗರ್ಭಧಾರಣೆಗೂ ಆನುವಂಶಿಕವಾಗಿ ಎಳೆದಾಟವಿದೆ. ಅಮೆರಿಕದಲ್ಲಿ 2003ರಲ್ಲಿ ಹೋರಿಯ ಹೆಣ್ಣುಮಕ್ಕಳ ಗರ್ಭಧಾರಣೆಯ ಮೌಲ್ಯಮಾಪನ ಆರಂಭವಾದ ಮೇಲೆ ಆ ಇಳಿಕೆ ತಡೆಗೆ ಬಂತು. ನಾರ್ವೆಯ ಕೆಂಪು ತಳಿಯವರು 1970ರ ದಶಕದಲ್ಲೇ ಗರ್ಭಧಾರಣೆಯನ್ನೂ ಕೆಚ್ಚಲು ಬಾವನ್ನೂ ಗುರಿಯೊಳಗೆ ಸೇರಿಸಿಕೊಂಡಿದ್ದರು. ಅವರ ಆ ದೂರದೃಷ್ಟಿಯನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಆಗ ಅದರ ಫಲ ಕಣ್ಣಿಗೆ ಕಾಣುವಂತಿರಲಿಲ್ಲ.

ಇಲ್ಲಿ ಅನುವಂಶೀಯತೆ ಎಂಬ ಮಾತು ಬರುತ್ತದೆ. ಹಸುಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ಬಂದ ಪಾಲು ಎಷ್ಟು ಎಂಬುದೇ ಅದು. ಹಾಲಿನ ಇಳುವರಿಗೆ ಸುಮಾರು ಶೇ 30, ಜಿಡ್ಡಿನ ಪ್ರಮಾಣಕ್ಕೆ ಶೇ 50ರ ಆಸುಪಾಸು, ದೇಹಕೋಶಗಳ ಸಂಖ್ಯೆಗೆ ಶೇ 10ರಿಂದ 15, ಗರ್ಭಧಾರಣೆಗೆ ಶೇ 5ಕ್ಕಿಂತ ಕಡಿಮೆ. ಕೊನೆಯ ಅಂಕಿ ನೋಡಿ ಗರ್ಭಧಾರಣೆಯಲ್ಲಿ ತಳಿಯ ಪಾತ್ರವಿಲ್ಲ ಎಂದು ಅನೇಕರು ಕೈಬಿಡುತ್ತಾರೆ. ಅದು ತಪ್ಪು. ತಳಿಯ ವ್ಯತ್ಯಾಸ ಅಲ್ಲಿಯೂ ದೊಡ್ಡದೇ ಇದೆ. ಮೇವು, ಬಿಸಿಲು, ಬೆದೆ ಗುರುತಿಸುವವರ ಕಣ್ಣು ಇವುಗಳ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ, ಅಷ್ಟೇ. ಒಂದು ಹಸುವಿನ ಒಂದು ಸೂಲಿನ ದಾಖಲೆ ನೋಡಿ ಅದನ್ನು ಹಿಡಿಯಲಾಗದು, ಸಾವಿರಾರು ದಾಖಲೆಗಳನ್ನು ಒಟ್ಟುಗೂಡಿಸುವ ಲೆಕ್ಕ ಹಿಡಿಯುತ್ತದೆ. ಆದ್ದರಿಂದ ಕಣ್ಣಳತೆಗೆ ಸಿಗದ ಗುಣಗಳಲ್ಲೇ ಜೀನೋಮ್ ಪರೀಕ್ಷೆಯ ಉಪಕಾರ ಹೆಚ್ಚು.

ಎಲ್ಲ ಗುಣಗಳನ್ನೂ ಅವುಗಳ ಆರ್ಥಿಕ ತೂಕಕ್ಕೆ ತಕ್ಕಂತೆ ಕೂಡಿಸಿ ಒಂದೇ ಅಂಕಿ ಮಾಡಿದರೆ ಅದು ಆಯ್ಕೆ ಸೂಚ್ಯಂಕ. ನಿಮ್ಮ ತಳಿ ಸಂಸ್ಥೆ ಪ್ರಕಟಿಸುವ ಸೂಚ್ಯಂಕದಲ್ಲಿ ಯಾವ ಗುಣಕ್ಕೆ ಎಷ್ಟು ತೂಕವಿದೆ ಎಂದು ಓದಿ ನೋಡಿ. ಹಾಲನ್ನು ಲೀಟರ್ ಲೆಕ್ಕದಲ್ಲಿ ಮಾರುವವರಿಗೂ ಜಿಡ್ಡು ಮತ್ತು ಪ್ರೋಟೀನ್ ಲೆಕ್ಕದಲ್ಲಿ ಮಾರುವವರಿಗೂ ಒಂದೇ ಸೂಚ್ಯಂಕ ಒಪ್ಪುವುದಿಲ್ಲ. ನಿಮಗೆ ಹತ್ತಿರವಾದದ್ದನ್ನು ಆರಿಸಿಕೊಂಡು ಕನಿಷ್ಠ ಒಂದು ತಲೆಮಾರಿನವರೆಗೆ ಬದಲಾಯಿಸದೆ ಹಿಡಿದಿರಿ. ಒಂದು ವರ್ಷ ಹಾಲು, ಮರುವರ್ಷ ಕೆಚ್ಚಲು, ಆಮೇಲೆ ಎತ್ತರ ಎಂದು ಹಾರಾಡಿದರೆ ಹಿಂಡು ಇದ್ದಲ್ಲೇ ಇರುತ್ತದೆ.

ಇನ್ನೊಂದು ಮಾತು. ಕೆಲವು ಗುಣಗಳಲ್ಲಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ನಡೆಯುವುದಿಲ್ಲ. ಮೊಲೆತೊಟ್ಟು ಉದ್ದವಾದರೆ ಪೆಟ್ಟಾಗುತ್ತದೆ, ಹಾಲು ಕರೆಯುವ ಯಂತ್ರ ಹಿಡಿಯುವುದಿಲ್ಲ ಎಂದು ಗಿಡ್ಡ ತೊಟ್ಟಿನ ಕಡೆಗೆ ಆಯ್ಕೆ ಮಾಡುತ್ತ ಹೋದ ತಳಿಗಳಲ್ಲಿ ಈಗ ತೊಟ್ಟು ತೀರಾ ಗಿಡ್ಡವಾಗಿ, ಹಿಂದಿನ ಎರಡು ತೊಟ್ಟುಗಳು ಒಂದಕ್ಕೊಂದು ಅಂಟಿಕೊಂಡಂತಾಗಿ ರೋಬೋಟ್ ಯಂತ್ರಕ್ಕೆ ಕಷ್ಟವಾಗುತ್ತಿದೆ. ತೊಟ್ಟಿನ ಉದ್ದ, ಹಿಂಗಾಲಿನ ಬಾಗು, ಎತ್ತರ ಇವುಗಳಲ್ಲಿ ಮಧ್ಯದ ಅಂಕಿಯೇ ಒಳ್ಳೆಯದು.

ಮೂರನೆಯ ಹೆಜ್ಜೆ: ಮಾದರಿ ತೆಗೆಯುವುದು

ಕೆಲಸ ಸಣ್ಣದು, ಆದರೆ ಇಲ್ಲಾದ ತಪ್ಪನ್ನು ಯಾವ ಕಂಪ್ಯೂಟರ್ ಕೂಡ ತಿದ್ದಲಾರದು. ಮಾದರಿ ಮೂರು ಬಗೆ: ಬಾಲದ ಕೂದಲು, ಕಿವಿಯ ಚೂರು, ರಕ್ತ.

ಕೂದಲಾದರೆ ಹೀಗೆ ಮಾಡಿ. ಲಕೋಟೆಯ ಮೇಲೆ ಕಿವಿಯೋಲೆಯ ಸಂಖ್ಯೆಯನ್ನು ಮೊದಲು ಬರೆಯಿರಿ, ಕಿವಿಯ ಹತ್ತಿರ ಬಗ್ಗಿ ಇನ್ನೊಮ್ಮೆ ಓದಿ ತಾಳೆ ನೋಡಿ, ಆಮೇಲೆ ಬಾಲಕ್ಕೆ ಕೈ ಹಾಕಿ. ಬಾಲದ ಕುಚ್ಚು ಒಣಗಿರಬೇಕು, ಸಗಣಿ ಅಂಟಿರಬಾರದು. ಅಂಟಿದ್ದರೆ ಒರೆಸಿ, ಒಣಗಲು ಬಿಡಿ. ಮೂವತ್ತು ನಲವತ್ತು ಕೂದಲನ್ನು ಚರ್ಮಕ್ಕೆ ಹತ್ತಿರವಾಗಿ ಹಿಡಿದು ಬೆರಳಿಗೆ ಒಂದು ಸುತ್ತು ಸುತ್ತಿ, ಬೆಳೆದ ದಿಕ್ಕಿಗೆ ನೇರವಾಗಿ ಒಮ್ಮೆಲೇ ಎಳೆಯಿರಿ. ಕತ್ತರಿಸಬೇಡಿ. ಕಿತ್ತ ಕೂದಲನ್ನು ಬೆಳಕಿಗೆ ಹಿಡಿದರೆ ಬುಡದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗುಂಡು ಕಾಣಬೇಕು. ಪ್ರಯೋಗಾಲಯಕ್ಕೆ ಬೇಕಾದ ಡಿಎನ್‌ಎ ಇರುವುದು ಆ ಗುಂಡಿನಲ್ಲಿ. ಗುಂಡಿಲ್ಲದೆ ತುಂಡಾಗಿ ಬಂದ ಕೂದಲು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಎಳೆಗರುವಿನ ಕೂದಲು ತೆಳ್ಳಗಿರುವುದರಿಂದ ಇನ್ನಷ್ಟು ಬೇಕಾಗುತ್ತದೆ. ಬುಡಗಳೆಲ್ಲ ಒಂದೇ ಕಡೆಗಿರುವಂತೆ ಜೋಡಿಸಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದರೆ ಬೂಷ್ಟು ಬರುತ್ತದೆ. ಮುಂದಿನ ಕರುವಿನ ಬಳಿಗೆ ಹೋಗುವ ಮೊದಲು ಬೆರಳುಗಳಿಗೆ ಅಂಟಿದ ಕೂದಲನ್ನು ಒರೆಸಿಕೊಳ್ಳಿ.

ಕಿವಿಯ ಚೂರು ತೆಗೆಯುವ ಸಲಕರಣೆ ಕಿವಿಯೋಲೆ ಹಾಕುವ ಇಕ್ಕಳದಂತೆಯೇ ಇರುತ್ತದೆ. ಚೂರು ನೇರವಾಗಿ ಸಂರಕ್ಷಕ ದ್ರವವಿರುವ ಸಣ್ಣ ಕೊಳವೆಗೆ ಬೀಳುತ್ತದೆ. ನಾನು ಇದನ್ನೇ ಹೆಚ್ಚು ಇಷ್ಟಪಡುತ್ತೇನೆ, ಏಕೆಂದರೆ ಒಂದು ಪ್ರಾಣಿಯ ಮಾದರಿ ಇನ್ನೊಂದರ ಜೊತೆ ಬೆರೆಯುವ ಸಂದರ್ಭ ಕಡಿಮೆ.

ಅವಳಿ ಕರುಗಳಿಂದ ಮಾತ್ರ ರಕ್ತ ತೆಗೆಯಬೇಡಿ. ಗರ್ಭದಲ್ಲಿ ಅವಳಿಗಳ ರಕ್ತನಾಳಗಳು ಸಾಮಾನ್ಯವಾಗಿ ಕೂಡಿಕೊಂಡು, ಒಂದರ ರಕ್ತ ಉತ್ಪಾದಿಸುವ ಕೋಶಗಳು ಇನ್ನೊಂದರಲ್ಲಿ ನೆಲೆಸುತ್ತವೆ. ಹಾಗಾಗಿ ಅವಳಿಯ ರಕ್ತದಲ್ಲಿ ಇಬ್ಬರ ಡಿಎನ್‌ಎಯೂ ಇರಬಹುದು. ಕೂದಲು ಅಥವಾ ಕಿವಿಯ ಚೂರು ಸುರಕ್ಷಿತ. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಬಹುತೇಕ ಗೊಡ್ಡಾಗಿಯೇ ಉಳಿಯುವುದರಿಂದ ಅದಕ್ಕೆ ತಳಿ ಪರೀಕ್ಷೆಯ ಖರ್ಚನ್ನೇ ಮಾಡಬೇಡಿ.

ನಾಲ್ಕನೆಯ ಹೆಜ್ಜೆ: ವರದಿ ಓದುವುದು

ವರದಿ ಕೈಗೆ ಬಂದಾಗ ಎಲ್ಲರ ಕಣ್ಣೂ ಹಾಲಿನ ಅಂಕಿಗೆ ಹೋಗುತ್ತದೆ. ನೀವು ಮೊದಲು ವಂಶಾವಳಿಯ ಸಾಲನ್ನು ನೋಡಿ. ತಂದೆ ದೃಢಪಟ್ಟಿದೆಯೇ? ತಾಯಿ? ನೀವು ಬರೆದುಕೊಟ್ಟ ಹೋರಿ ತಂದೆಯಲ್ಲ ಎಂದಿದ್ದರೆ ಅಲ್ಲೇ ನಿಲ್ಲಿ. ಒಂದು ಕರು ಮಾತ್ರ ಹಾಗಿದ್ದರೆ ವೀರ್ಯದ ದಾಖಲೆ ತಪ್ಪಿರಬಹುದು. ಅಕ್ಕಪಕ್ಕದ ಎರಡು ಸಂಖ್ಯೆಗಳ ಕರುಗಳು ಎರಡೂ ಹಾಗಿದ್ದರೆ ಲಕೋಟೆ ಅದಲುಬದಲಾಗಿರುವ ಸಂಭವ ಹೆಚ್ಚು. ಎರಡನ್ನೂ ಮತ್ತೆ ಪರೀಕ್ಷಿಸಿ. ತಂದೆಯನ್ನು ಸರಿಪಡಿಸುವುದೇ ಎಷ್ಟೋ ಹಿಂಡುಗಳಿಗೆ ಈ ಪರೀಕ್ಷೆಯಿಂದಾಗುವ ಮೊದಲ ಲಾಭ.

ಆಮೇಲೆ ವಿಶ್ವಾಸಾರ್ಹತೆ. ತಂದೆತಾಯಿಗಳ ಸರಾಸರಿಯಿಂದ ಮಾತ್ರ ಮಾಡಿದ ಅಂದಾಜಿಗೆ ಅದು ಸಾಮಾನ್ಯವಾಗಿ ಶೇ 20ರಿಂದ 40ರೊಳಗಿರುತ್ತದೆ. ದೊಡ್ಡ ಆಧಾರ ಹಿಂಡಿರುವ ತಳಿಯಲ್ಲಿ ಚಿಪ್ ಸೇರಿದರೆ ಹಾಲಿನ ಗುಣಗಳಿಗೆ ಶೇ 70ರ ಆಸುಪಾಸಿಗೆ ಏರುತ್ತದೆ. ಸಾವಿರಾರು ಹೆಣ್ಣುಮಕ್ಕಳಿರುವ ಹೋರಿಗೆ ಶೇ 99 ಇರಬಹುದು. ಶೇ 70 ಎಂದರೆ ನೂರರಲ್ಲಿ ಎಪ್ಪತ್ತು ಸಲ ಸರಿ ಎಂದು ಅರ್ಥವಲ್ಲ. ಪ್ರಾಣಿಗಳ ನಡುವಿನ ನಿಜವಾದ ತಳಿ ವ್ಯತ್ಯಾಸದಲ್ಲಿ ಎಷ್ಟು ಪಾಲನ್ನು ಈ ಅಂಕಿಗಳು ಹಿಡಿದಿವೆ ಎಂಬುದು ಅದು. ಉಳಿದ ಶೇ 30 ಇನ್ನೂ ಕತ್ತಲಲ್ಲಿದೆ, ಮೇಲಕ್ಕೂ ಹೋಗಬಹುದು, ಕೆಳಕ್ಕೂ. ಹಾಗಾಗಿ ಸೂಚ್ಯಂಕದಲ್ಲಿ ಹತ್ತು ಹದಿನೈದು ಅಂಶಗಳ ಅಂತರವಿರುವ ಎರಡು ಕಡಸುಗಳ ನಡುವೆ ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಕಾಲು ಭಾಗ, ಕೆಳಗಿನ ಕಾಲು ಭಾಗ ಎಂದು ಗುಂಪುಗಳಾಗಿ ನೋಡಿ.

ಇನ್ನೊಂದು ಬಲೆ ಇದೆ, ಅನುಭವವುಳ್ಳವರೂ ಅದರಲ್ಲಿ ಬೀಳುತ್ತಾರೆ. ಕೆಲವು ದೇಶಗಳು ಪ್ರಾಣಿಯ ಪೂರ್ತಿ ತಳಿ ಮೌಲ್ಯವನ್ನು ಪ್ರಕಟಿಸುತ್ತವೆ. ಅಮೆರಿಕದಂಥ ಕಡೆ ಅದು ಮಕ್ಕಳಿಗೆ ದಾಟಿಸುವ ಅರ್ಧವನ್ನು ಮಾತ್ರ ಪ್ರಕಟಿಸುತ್ತಾರೆ. ಪೂರ್ತಿ ಮೌಲ್ಯದ ಪಟ್ಟಿಯಲ್ಲಿ ಎರಡು ಹೋರಿಗಳ ನಡುವೆ 800 ಕಿಲೋ ಅಂತರವಿದ್ದರೆ ಅವುಗಳ ಹೆಣ್ಣುಮಕ್ಕಳ ನಡುವೆ ನಿರೀಕ್ಷಿಸಬೇಕಾದದ್ದು 400 ಕಿಲೋ. ಅರ್ಧ ಮೌಲ್ಯದ ಪಟ್ಟಿಯಲ್ಲಿ ಅದೇ ಅಂತರ 400 ಎಂದೇ ಕಾಣುತ್ತದೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದವರು ಸುಮ್ಮನೆ ಮೋಸ ಹೋಗುತ್ತಾರೆ. ಬೇರೆ ಬೇರೆ ದೇಶಗಳ ಹೋರಿಗಳನ್ನು ಹೋಲಿಸಬೇಕಾದರೆ ಸ್ವೀಡನ್‌ನ ಉಪ್ಸಾಲಾದಲ್ಲಿರುವ ಇಂಟರ್‌ಬುಲ್ ಕೇಂದ್ರವು ಆಯಾ ದೇಶದ ಅಳತೆಗೆ ಪರಿವರ್ತಿಸಿ ಕೊಡುವ ಅಂಕಿಗಳನ್ನು ನೋಡಿ.

ಸೊನ್ನೆ ಎಂದರೆ ಏನು ಎಂಬುದನ್ನೂ ಕೇಳಿಕೊಳ್ಳಿ. ಸೊನ್ನೆ ಎಂಬುದು ಒಂದು ನಿಗದಿತ ವರ್ಷದಲ್ಲಿ ಹುಟ್ಟಿದ ಹಸುಗಳ ಸರಾಸರಿ. ತಳಿ ಮುಂದೆ ಸಾಗಿದಂತೆ ಆ ವರ್ಷವನ್ನು ಆಗಾಗ ಮುಂದಕ್ಕೆ ಸರಿಸುತ್ತಾರೆ. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ಹೀಗೆ ಮಾಡುತ್ತಾರೆ. 2025ರ ಏಪ್ರಿಲ್‌ನಿಂದ 2020ರಲ್ಲಿ ಹುಟ್ಟಿದ ಹಸುಗಳೇ ಆಧಾರ. ಆ ದಿನ ಎಲ್ಲ ಪ್ರಾಣಿಗಳ ಅಂಕಿಗಳೂ ಒಟ್ಟಿಗೆ ಇಳಿದಾಗ ಹಸು ಕೆಟ್ಟಿತು ಎಂದು ಗಾಬರಿಯಾಗಬೇಡಿ. ಅಳತೆಗೋಲಿನ ತುದಿ ಸರಿದಿದೆ, ಹಸು ಇದ್ದ ಹಾಗೇ ಇದೆ.

ಐದನೆಯ ಹೆಜ್ಜೆ: ಕಡಸುಗಳನ್ನು ವಿಂಗಡಿಸುವುದು

ಲಾಭ ಹುಟ್ಟುವುದು ಇಲ್ಲಿ. ಹಾಲಿನ ಪೂರ್ತಿ ತಳಿ ಮೌಲ್ಯದ ಪ್ರಮಾಣ ವಿಚಲನೆ (ಸರಾಸರಿಯಿಂದ ಅಂಕಿಗಳು ಎಷ್ಟು ಆಚೀಚೆ ಹರಡಿವೆ ಎಂಬ ಅಳತೆ) ನಿಮ್ಮ ಹಿಂಡಿನ ಕಡಸುಗಳಲ್ಲಿ 500 ಕಿಲೋ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ, ವಿಶ್ವಾಸಾರ್ಹತೆ ಶೇ 70. ನೂರು ಕಡಸುಗಳಲ್ಲಿ ಮೇಲಿನ ಐವತ್ತನ್ನು ಉಳಿಸಿಕೊಂಡರೆ, ಉಳಿಸಿಕೊಂಡವುಗಳ ಸರಾಸರಿ ತಳಿ ಮೌಲ್ಯ ಇಡೀ ಗುಂಪಿಗಿಂತ ಸುಮಾರು 335 ಕಿಲೋ ಮೇಲಿರುತ್ತದೆ. ತೊಂಬತ್ತನ್ನು ಉಳಿಸಿಕೊಂಡರೆ ಸುಮಾರು 80 ಕಿಲೋ ಮಾತ್ರ. ಪರೀಕ್ಷೆಯ ಖರ್ಚು ಎರಡರಲ್ಲೂ ಒಂದೇ. ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಕಡಸುಗಳು ಇರುವ ಹಿಂಡಿಗೆ ಪರೀಕ್ಷೆ ಫಲ ಕೊಡುತ್ತದೆ. ಕರುಗಳು ಸಾಯುತ್ತಿರುವ, ಹಸುಗಳು ಗಬ್ಬ ನಿಲ್ಲದಿರುವ, ಹುಟ್ಟಿದ ಕಡಸನ್ನೆಲ್ಲ ಉಳಿಸಿಕೊಳ್ಳಲೇಬೇಕಾದ ಹಿಂಡು ಆ ಹಣವನ್ನು ಮೊದಲು ಗಿಣ್ಣುಹಾಲಿಗೆ, ಕರುಗಳ ಗೂಡಿಗೆ, ಬೆದೆ ಗುರುತಿಸುವುದಕ್ಕೆ ಖರ್ಚು ಮಾಡಲಿ. ಇದನ್ನು ಪರೀಕ್ಷೆ ಮಾರುವವರು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ.

ವಿಂಗಡಿಸುವ ಬಗೆ ಸರಳ. ಸೂಚ್ಯಂಕದ ಪ್ರಕಾರ ಮೇಲಿನ ಗುಂಪಿಗೆ ಲಿಂಗ ನಿರ್ಧಾರಿತ ವೀರ್ಯ ಹಾಕಿಸಿ. ಅದರಿಂದ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು ಕರುಗಳು ಹುಟ್ಟುತ್ತವೆ. ಸಾಧಾರಣ ವೀರ್ಯಕ್ಕಿಂತ ಗಬ್ಬ ನಿಲ್ಲುವುದು ಸ್ವಲ್ಪ ಕಡಿಮೆಯಾದ್ದರಿಂದ ಆರೋಗ್ಯವಂತ ಕಡಸುಗಳಲ್ಲಿ, ಬೆದೆ ಸ್ಪಷ್ಟವಾಗಿದ್ದಾಗ ಬಳಸಿ. ಮಧ್ಯದ ಗುಂಪಿಗೆ ಸಾಧಾರಣ ವೀರ್ಯ. ಕೆಳಗಿನ ಗುಂಪಿನಿಂದ ಮುಂದಿನ ತಲೆಮಾರಿನ ಕಡಸುಗಳನ್ನು ಬೆಳೆಸಬೇಡಿ. ಭ್ರೂಣ ವರ್ಗಾವಣೆಯ ಸೌಲಭ್ಯವಿದ್ದರೆ ಇವು ಒಳ್ಳೆಯ ಹಸುವಿನ ಭ್ರೂಣವನ್ನು ಹೊರುವ ತಾಯಂದಿರಾಗಬಹುದು.

ಆರನೆಯ ಹೆಜ್ಜೆ: ಹೋರಿ, ರಕ್ತಸಂಬಂಧ, ಅಡಗಿದ ದೋಷ

ಮೊದಲ ಸ್ಥಾನದಲ್ಲಿರುವ ಒಂದೇ ಎಳೆಯ ಹೋರಿಯ ವೀರ್ಯವನ್ನು ಇಡೀ ಹಿಂಡಿಗೆ ಹಾಕಿಸಬೇಡಿ. ಲೆಕ್ಕ ಮಾಡಿ ನೋಡಿದರೆ, ವಿಶ್ವಾಸಾರ್ಹತೆ ಶೇ 70 ಇರುವ, ಒಂದಕ್ಕೊಂದು ಹತ್ತಿರದ ಸಂಬಂಧವಿಲ್ಲದ ಆರು ಎಳೆಯ ಹೋರಿಗಳನ್ನು ಸಮವಾಗಿ ಬಳಸಿದಾಗ ಅವುಗಳ ಸರಾಸರಿಯಲ್ಲಿ ಉಳಿಯುವ ಅನಿಶ್ಚಿತತೆ, ಶೇ 95 ವಿಶ್ವಾಸಾರ್ಹತೆಯ ಒಂದೇ ಒಂದು ಹಳೆಯ ಹೋರಿಯಲ್ಲಿರುವಷ್ಟೇ. ಎಳೆಯ ಹೋರಿಗಳ ಸರಾಸರಿ ಮೌಲ್ಯ ಹೆಚ್ಚಿರುವುದರಿಂದ ಗುಂಪಾಗಿ ಬಳಸಿದವರಿಗೆ ಎರಡೂ ಕಡೆಯಿಂದ ಲಾಭ. ಪಟ್ಟಿಯ ತುದಿಯಲ್ಲಿರುವ ಎಳೆಯ ಹೋರಿಗಳ ಅಂಕಿಗಳು ಮುಂದೆ ಹೆಣ್ಣುಮಕ್ಕಳ ಹಾಲು ಬಂದಾಗ ಸ್ವಲ್ಪ ಇಳಿಯುವುದೇ ಸಾಮಾನ್ಯ ಎಂಬುದನ್ನೂ ಮನಸ್ಸಿನಲ್ಲಿಡಿ.

ಜೋಡಿ ಮಾಡುವಾಗ ರಕ್ತಸಂಬಂಧ ನೋಡಿ. ಮಲಸಹೋದರ, ಅಂದರೆ ಒಂದೇ ತಂದೆಯ ಮಗ ಮತ್ತು ಮಗಳ ಜೋಡಿಯಿಂದ ಹುಟ್ಟುವ ಕರುವಿನ ಒಳಸಂಕರಣ (ಒಂದೇ ಪೂರ್ವಜನ ಒಂದೇ ಪ್ರತಿ ತಂದೆ ತಾಯಿ ಎರಡೂ ಕಡೆಯಿಂದ ಬಂದಿರುವ ಡಿಎನ್‌ಎಯ ಪಾಲು) ಶೇ 12.5, ತಂದೆ ಮಗಳ ಜೋಡಿಯಾದರೆ ಶೇ 25. ಇದು ಏರಿದಂತೆ ಹಾಲು, ಗರ್ಭಧಾರಣೆ, ಕರುವಿನ ಬದುಕುಳಿಯುವ ಶಕ್ತಿ ಎಲ್ಲವೂ ಕುಗ್ಗುತ್ತವೆ. ಹೋಲ್‌ಸ್ಟೀನ್‌ನಲ್ಲಿ ಈ ಭಯ ದೊಡ್ಡದು. ಉತ್ತರ ಅಮೆರಿಕದಲ್ಲಿ ಕೃತಕ ಗರ್ಭಧಾರಣೆಗೆ ಬಳಸುವ ಹೋರಿಗಳ ಗಂಡು ವಂಶವನ್ನು ಹಿಂದಕ್ಕೆ ಹಿಡಿದು ಹೋದರೆ ಬಹುತೇಕ ಎಲ್ಲವೂ 1960ರ ದಶಕದಲ್ಲಿ ಹುಟ್ಟಿದ ಚೀಫ್ ಮತ್ತು ಎಲಿವೇಷನ್ ಎಂಬ ಎರಡು ಹೋರಿಗಳಲ್ಲಿ ಬಂದು ನಿಲ್ಲುತ್ತವೆ. ತಲೆಮಾರುಗಳು ಈಗ ಬೇಗ ಉರುಳುವುದರಿಂದ ರಕ್ತಸಂಬಂಧವೂ ಬೇಗ ಹೆಚ್ಚುತ್ತಿದೆ. ಕಾಗದದ ವಂಶಾವಳಿಗಿಂತ ಚಿಪ್‌ನಿಂದ ಅಳೆದ ಸಂಬಂಧ ನಿಖರ. ಜೋಡಿ ಸೂಚಿಸುವ ತಂತ್ರಾಂಶಕ್ಕೆ ಅದನ್ನೇ ಕೊಡಿ.

ಚೀಫ್‌ನ ಕಥೆಯನ್ನು ಪೂರ್ತಿ ಹೇಳಲೇಬೇಕು. ಪಾನಿ ಫಾರ್ಮ್ ಅರ್ಲಿಂಡಾ ಚೀಫ್ ಎಂಬುದು 1962ರಲ್ಲಿ ಹುಟ್ಟಿದ ಹೋರಿ. ಅದರ ಹೆಣ್ಣುಮಕ್ಕಳು ಹಾಲಿನ ಹೊಳೆ ಹರಿಸಿದವು, ಅವುಗಳ ಸಂಖ್ಯೆ 16,000 ದಾಟಿತು. ಆ ಹೋರಿಯ ಒಂದು ವಂಶವಾಹಿಯಲ್ಲಿ ದೋಷವಿತ್ತು. ಒಂದೇ ಪ್ರತಿ ಇದ್ದರೆ ಹಸುವಿಗೆ ಏನೂ ಆಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ದಶಕಗಳ ಕಾಲ ಇದು ಯಾರಿಗೂ ತಿಳಿಯಲಿಲ್ಲ. ಹಸು ಕಂದು ಹಾಕಿತು, ಅಥವಾ ಗಬ್ಬ ನಿಂತದ್ದು ಮತ್ತೆ ಬೆದೆಗೆ ಬಂತು ಎಂದು ಜನ ಮೇವನ್ನೋ ಹವೆಯನ್ನೋ ದೂರಿದರು. 2011ರಲ್ಲಿ ಅದನ್ನು ಪತ್ತೆ ಮಾಡಿದ ರೀತಿಯಂತೂ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ವಿಜ್ಞಾನಿಗಳು ಸತ್ತ ಭ್ರೂಣಗಳನ್ನು ಹುಡುಕಲಿಲ್ಲ. ಬದುಕಿರುವ ಸಾವಿರಾರು ಹೋಲ್‌ಸ್ಟೀನ್‌ಗಳ ಚಿಪ್ ಮಾಹಿತಿಯಲ್ಲಿ ಇರಬೇಕಾಗಿದ್ದೂ ಇಲ್ಲದ್ದನ್ನು ಹುಡುಕಿದರು. ಡಿಎನ್‌ಎಯ ಒಂದು ತುಣುಕು ತಳಿಯಲ್ಲಿ ಸಾಕಷ್ಟು ಹರಡಿತ್ತು. ವಾಹಕಗಳ, ಅಂದರೆ ಅದರ ಒಂದು ಪ್ರತಿಯನ್ನು ಹೊತ್ತ ಪ್ರಾಣಿಗಳ, ಜೋಡಿಯಿಂದ ಹುಟ್ಟಿದ ಕರುಗಳಲ್ಲಿ ನಾಲ್ಕಕ್ಕೆ ಒಂದರಂತೆ ಅದರ ಎರಡು ಪ್ರತಿಗಳಿರುವ ಪ್ರಾಣಿಗಳು ಸಿಗಬೇಕಿತ್ತು, ಒಂದೂ ಸಿಗಲಿಲ್ಲ. ಆ ತುಣುಕಿನೊಳಗಿನ ದೋಷದಿಂದ ಜಗತ್ತಿನಾದ್ಯಂತ 5 ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಾಗಿವೆ ಎಂದು ಆಮೇಲೆ ಅಂದಾಜು ಮಾಡಿದರು.

ಇಂಥ ದೋಷಗಳು ಪ್ರತಿ ತಳಿಯಲ್ಲೂ ಇವೆ, ವರದಿಯಲ್ಲಿ ವಾಹಕ ಅಥವಾ ಮುಕ್ತ ಎಂದು ಬರೆದಿರುತ್ತದೆ. ವಾಹಕ ಎಂದ ಕೂಡಲೇ ಒಳ್ಳೆಯ ಕಡಸನ್ನು ಹೊರಗಟ್ಟಬೇಡಿ. ಆ ದೋಷದಿಂದ ಮುಕ್ತವಾದ ಹೋರಿಯ ವೀರ್ಯ ಹಾಕಿಸಿದರೆ ಒಂದು ಭ್ರೂಣವೂ ಅದರಿಂದ ಸಾಯುವುದಿಲ್ಲ. ಹುಟ್ಟಿದ ಕರುಗಳಲ್ಲಿ ಅರ್ಧದಷ್ಟು ವಾಹಕಗಳಾಗುತ್ತವೆ, ಅಷ್ಟೇ. ಎರಡೂ ಕಡೆ ವಾಹಕಗಳಿರುವ ಜೋಡಿಯನ್ನು ಮಾತ್ರ ತಪ್ಪಿಸಿ.

ಕೊನೆಯ ಹೆಜ್ಜೆ: ಮೊದಲ ಸೂಲು ಮುಗಿದ ಮೇಲೆ ತಾಳೆ ನೋಡುವುದು

ಪರೀಕ್ಷೆ ಮಾಡಿಸಿದ ಕಡಸುಗಳು ಮೊದಲ ಸೂಲು ಮುಗಿಸಿದಾಗ ಹಳೆಯ ವರದಿಯನ್ನು ಹೊರತೆಗೆಯಿರಿ. ಕರುವಾಗಿದ್ದಾಗ ಬಂದ ಹಾಲಿನ ಅಂಕಿಯ ಪ್ರಕಾರ ಅವುಗಳನ್ನು ನಾಲ್ಕು ಸಮ ಗುಂಪು ಮಾಡಿ, ಪ್ರತಿ ಗುಂಪಿನ ನಿಜವಾದ ಹಾಲಿನ ಸರಾಸರಿಯನ್ನು ಪಕ್ಕದಲ್ಲಿ ಬರೆಯಿರಿ. ಒಂದೊಂದು ಹಸುವನ್ನು ಹೋಲಿಸಬೇಡಿ, ಅಲ್ಲಿ ಅಪವಾದಗಳು ಕಾಣುತ್ತವೆ. ಗುಂಪಿನ ಸರಾಸರಿ ಮೇಲಿಂದ ಕೆಳಕ್ಕೆ ಮೆಟ್ಟಿಲಿನಂತೆ ಇಳಿಯಬೇಕು. ಇಳಿಯದಿದ್ದರೆ ಮೊದಲು ಕಿವಿಯೋಲೆ ಮತ್ತು ಲಕೋಟೆಗಳನ್ನು ಅನುಮಾನಿಸಿ, ಆಮೇಲೆ ಮೇವನ್ನು. ತಳಿ ಮೌಲ್ಯ ಎಷ್ಟೇ ಇದ್ದರೂ ಹೊಟ್ಟೆ ತುಂಬದ ಹಸುಗಳಲ್ಲಿ ಆ ವ್ಯತ್ಯಾಸ ಹೊರಗೆ ಬರುವುದಿಲ್ಲ. ಎಲ್ಲವೂ ಒಂದೇ ಮಟ್ಟಕ್ಕೆ ಕುಸಿದು ನಿಲ್ಲುತ್ತವೆ. ಗರ್ಭಧಾರಣೆ ಮತ್ತು ದೇಹಕೋಶಗಳ ಸಂಖ್ಯೆಗೂ ಇದೇ ರೀತಿ ಮಾಡಿ. ಅಲ್ಲಿ ಮೆಟ್ಟಿಲು ಸ್ಪಷ್ಟವಾಗಲು ಹೆಚ್ಚು ಹಸುಗಳು, ಎರಡು ಮೂರು ವರ್ಷಗಳ ದಾಖಲೆ ಬೇಕಾಗುತ್ತದೆ.

ಹಿಂಡಿನಿಂದ ಹೊರಹೋದ ಹಸುಗಳನ್ನು ಈ ಲೆಕ್ಕದಿಂದ ಬಿಡಬೇಡಿ. ಯಾವ ಗುಂಪಿನಿಂದ ಎಷ್ಟು ಹೋದವು, ಏಕೆ ಹೋದವು ಎಂಬ ಸಾಲೂ ಅದೇ ಹಾಳೆಯಲ್ಲಿರಲಿ. ಆ ಹಾಳೆಯನ್ನು ಕೊಟ್ಟಿಗೆಯ ದಾಖಲೆ ಪುಸ್ತಕದೊಳಗೇ ಅಂಟಿಸಿಡಿ. ಮುಂದಿನ ಸಾಲಿನ ಕರುಗಳ ಮಾದರಿ ತೆಗೆಯುವ ದಿನ, ಎಷ್ಟು ಕರುಗಳಿಗೆ ಪರೀಕ್ಷೆ ಮಾಡಿಸಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು ಎಂದು ತೀರ್ಮಾನಿಸುವಾಗ ಮೊದಲು ಕೈಗೆ ಬೇಕಾಗುವುದು ಅದೇ.